ಡಬ್ಲಿನ್ನಿನ ಕೂಲಿಯಾಳು ಮ್ಯಾಟ್ ಟಾಲ್ಬೊಟ್

ಪರಶುರಾಂಪುರದ ಕಡೆಯಿಂದ ಬರುವ ಒಬ್ಬ ತಾಯಿ ಕೆಲವು ವಾರಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೂ ಊರಿಗೆ ಹೊರಡದೆ ದೇವಾಲಯದ ಜಗಲಿಯ ಮೇಲೆಯೇ ಕುಳಿತಿದ್ದರು. ಅವರ ಮಗನಿಗೆ ಇಪ್ಪತ್ತಾರು ವರ್ಷ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ದುಡಿಯುತ್ತಾನೆ. ಮೂರು ವರ್ಷಗಳಿಂದ ಕುಡಿತಕ್ಕೆ ಬಿದ್ದಿದ್ದಾನೆ. ಈ ಸಲ ಶೇಂಗಾ ಮಾರಿದ ಹಣ ಮನೆಯನ್ನೇ ಸೇರಲಿಲ್ಲ. ಮಗನಿಗಾಗಿ ಒಂದು ಪೂಜೆಯನ್ನು ಅರ್ಪಿಸಬೇಕೆಂದು ಆ ತಾಯಿ ಕೇಳಿಕೊಂಡರು. ಆಮೇಲೆ ಸೆರಗಿನ ಗಂಟಿನಿಂದ ಒಂದು ಪೊಟ್ಟಣವನ್ನು ತೆಗೆದು, ನೆರೆಯವರು ತಂದುಕೊಟ್ಟ ಈ ಪುಡಿಯನ್ನು ಮಗನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿದರೆ ಪಾಪವಾಗುತ್ತದೆಯೇ ಎಂದು ವಿಚಾರಿಸಿದರು. ಕೊನೆಗೆ, ಎದ್ದು ಹೊರಡುವ ಹೊತ್ತಿಗೆ, ಕುಡುಕನಾಗಿದ್ದವನು ಯಾರಾದರೂ ಸಂತನಾದದ್ದುಂಟೇ ಎಂದು ಕೇಳಿದರು. ಬಸ್ಸಿನ ಹೊತ್ತಾಗಿತ್ತು. ಆ ದಿನ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಆ ತಾಯಿಯಂಥವರು ನಮ್ಮ ಧರ್ಮಕೇಂದ್ರಗಳಲ್ಲಿ ಒಬ್ಬಿಬ್ಬರಲ್ಲ.

ಮ್ಯಾಥ್ಯೂ ಟಾಲ್ಬೊಟ್ 1856ರ ಮೇ 2ರಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ ಹುಟ್ಟಿದನು. ಆ ದೇಶದ ಮಹಾಕ್ಷಾಮ ಮುಗಿದು ನಾಲ್ಕೈದು ವರ್ಷಗಳಷ್ಟೇ ಕಳೆದಿದ್ದವು. ಹಳ್ಳಿಗಳಲ್ಲಿ ಬದುಕಲಾರದೆ ಬಂದ ಜನರಿಂದ ನಗರದ ಬಡಕೇರಿಗಳು ತುಂಬಿಹೋಗಿದ್ದವು. ತಂದೆ ಚಾರ್ಲ್ಸ್ ಬಂದರಿನಲ್ಲಿ ಕೆಲಸಕ್ಕಿದ್ದವನು. ಕುಡಿತದ ಚಟವುಳ್ಳವನು, ಮುಂಗೋಪಿ. ತಾಯಿ ಎಲಿಜಬೆತ್ ಹನ್ನೆರಡು ಮಕ್ಕಳನ್ನು ಹೆತ್ತು, ಅವರಿವರ ಮನೆಗಳಲ್ಲಿ ಕೆಲಸ ಮಾಡಿ ಸಂಸಾರವನ್ನು ತೂಗಿಸಿದವಳು. ಕುಟುಂಬವು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುತ್ತಲೇ ಇತ್ತು. ಮಕ್ಕಳಲ್ಲಿ ಎರಡನೆಯವನಾದ ಮ್ಯಾಟ್ ಕ್ರೈಸ್ತ ಸಹೋದರರ ಶಾಲೆಗೆ ಸೇರಿದನಾದರೂ ಹಾಜರಾದದ್ದು ಅಪರೂಪ. ಅಕ್ಷರ ಕೂಡಿಸಿ ಓದುವಷ್ಟು ಕಲಿತು ಶಾಲೆಯನ್ನು ಬಿಟ್ಟನು.

ಹನ್ನೆರಡನೆಯ ವಯಸ್ಸಿಗೆ ಆತನನ್ನು ಕೆಲಸಕ್ಕೆ ಕಳುಹಿಸಿದ್ದು ಮದ್ಯದ ವ್ಯಾಪಾರಿಯೊಬ್ಬರ ಉಗ್ರಾಣಕ್ಕೆ. ಅಲ್ಲಿ ಪೀಪಾಯಿಗಳಿಂದ ಕಪ್ಪು ಬಿಯರನ್ನು ಬಾಟಲಿಗಳಿಗೆ ತುಂಬುತ್ತಿದ್ದರು. ಬಾಟಲಿಗಳ ತಳದಲ್ಲಿ ಉಳಿದುದನ್ನು ಕುಡಿಯುವುದನ್ನು ಹುಡುಗನು ಹಿರಿಯರನ್ನು ನೋಡಿಯೇ ಕಲಿತನು. ಒಂದು ವರ್ಷ ತುಂಬುವುದರೊಳಗೆ ಅಮಲಿನಲ್ಲಿ ಮನೆಗೆ ಬರತೊಡಗಿದನು. ತಂದೆಯು ಹೊಡೆದನು, ಬಳಿಕ ತನ್ನ ಕಣ್ಣೆದುರಿಗೇ ಇರಲೆಂದು ಬಂದರಿನ ಉಗ್ರಾಣಕ್ಕೆ ಸೇರಿಸಿದನು. ಅಲ್ಲಿ ಶೇಖರಿಸಿಟ್ಟಿದ್ದುದು ವಿಸ್ಕಿ. ಮಗನು ಬಿಯರಿನಿಂದ ವಿಸ್ಕಿಗೆ ಏರಿದನು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಜಿಲ್ಲೆಯ ತುರುವನೂರು ನೆನಪಾಗುತ್ತದೆ. 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಆ ಊರಿನ ಜನರು ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಹೆಂಡದ ಹುಟ್ಟುವಳಿಗೆ ಕೊಡಲಿಯಿಟ್ಟ ಆ ಚಳವಳಿ ಸ್ವಾತಂತ್ರ್ಯ ಹೋರಾಟದ ಭಾಗವೆಂಬುದು ನಿಜ. ಆದರೆ ಅದರೊಳಗೆ ಹಳ್ಳಿಗರ ಒಂದು ಅನುಭವಜ್ಞಾನವೂ ಇತ್ತೆಂದು ನನ್ನ ಎಣಿಕೆ. ಕೈಗೆಟಕುವಲ್ಲಿ ಹೆಂಡವಿದ್ದರೆ ಉಪದೇಶವೊಂದೇ ಸಾಲದೆಂಬುದನ್ನು ಅವರು ಬಲ್ಲವರಾಗಿದ್ದರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗಲೂ ಅನೇಕ ತಾಯಂದಿರು ಹಾಗೆಯೇ ನಿಟ್ಟುಸಿರುಬಿಟ್ಟರು. ಸಾರಾಯಿಯ ಪೊಟ್ಟಣಗಳ ಜಾಗಕ್ಕೆ ಅಗ್ಗದ ವಿಸ್ಕಿ ಬಂದುದನ್ನು ಬಹುಬೇಗ ಕಂಡರು. ಇಷ್ಟಾಗಿಯೂ, ಅಂಗಡಿಯಿಂದ ಬಾಟಲಿ ತರಲು ಹನ್ನೆರಡರ ಮಗನನ್ನೇ ಕಳುಹಿಸುವ ತಂದೆಯರು ನಮ್ಮಲ್ಲಿ ಇನ್ನೂ ಇದ್ದಾರೆ. ಚಾರ್ಲ್ಸ್ ಟಾಲ್ಬೊಟ್ ಮಗನಿಗೆ ಹೊಡೆದದ್ದು ಸುಳ್ಳಲ್ಲ, ತಾನು ಕುಡಿಯುತ್ತಿದ್ದುದೂ ಸುಳ್ಳಲ್ಲ.

ಮುಂದೆ ಮ್ಯಾಟ್ ಗಾರೆಯವರ ಕೈಯಾಳಾಗಿ ಇಟ್ಟಿಗೆ ಹೊರುವ ಕೆಲಸಕ್ಕೆ ಸೇರಿದನು. ಗಟ್ಟಿ ದುಡಿಮೆಗಾರ, ಸಾಲಿನಲ್ಲಿ ಅವನನ್ನು ಮುಂದಿಟ್ಟರೆ ಉಳಿದವರೂ ಅದೇ ವೇಗದಲ್ಲಿ ನಡೆಯಬೇಕಾಗುತ್ತಿತ್ತು. ಆದರೆ ವಾರದ ಕೂಲಿಯು ಪಾನಗೃಹದ ಪಾಲಾಗುತ್ತಿತ್ತು. ಕೂಲಿ ಮುಗಿದ ಮೇಲೆ ಸಾಲ, ಸಾಲ ಹುಟ್ಟದಾದಾಗ ಮೈಮೇಲಿನ ಅಂಗಿ, ಕಾಲಿನ ಬೂಟು. ಒಮ್ಮೆ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಕುರುಡನೊಬ್ಬನು ಇವರ ಗುಂಪಿನ ಜೊತೆಗಿದ್ದನು. ಅವನ ಪಿಟೀಲನ್ನೇ ಕದ್ದು, ಗಿರವಿಯಿಟ್ಟು ಕುಡಿದರು. ಇದು ಮ್ಯಾಟ್‌ನ ಜೀವನದಲ್ಲಿ ಅತ್ಯಂತ ನೀಚವಾದ ಕೃತ್ಯ. ಅವನು ಅದನ್ನು ಎಂದಿಗೂ ಮರೆಯಲಿಲ್ಲ.

ಹೀಗೆ ಸುಮಾರು ಹದಿನಾರು ವರ್ಷಗಳು ಕಳೆದವು. ಆ ವರ್ಷಗಳಲ್ಲಿಯೂ ಆತನು ಭಾನುವಾರದ ಪೂಜೆಯನ್ನು ಬಿಟ್ಟವನಲ್ಲ. ಸಂಸ್ಕಾರಗಳನ್ನು ಮಾತ್ರ ಬಿಟ್ಟಿದ್ದನು. ಒಳಿತು ಯಾವುದೆಂದು ಬಲ್ಲವನು ಅದನ್ನು ಮಾಡಲಾರದೆ ಹೋಗುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಗುರುಮಠದಲ್ಲಿ ಅರಿಸ್ಟಾಟಲನ ನೀತಿಶಾಸ್ತ್ರವನ್ನು ಓದುವಾಗ ತಿಂಗಳುಗಟ್ಟಲೆ ಚರ್ಚಿಸಿದ್ದೆವು. ಅಂದು ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು. ಪಾಪನಿವೇದನೆಯ ಪೀಠದಲ್ಲಿ ಮೂವತ್ತು ವರ್ಷಗಳಿಂದ ಕುಳಿತಮೇಲೆ ಅದು ಹೆಸರು, ವಯಸ್ಸು, ಹೆಂಡತಿ ಮಕ್ಕಳುಳ್ಳ ಪ್ರಶ್ನೆಯಾಗಿದೆ. ಆರಂಭದಲ್ಲಿ ಇಚ್ಛೆಯಿಂದ ಕೈಚಾಚಿದವನಿಗೆ ಕ್ರಮೇಣ ಕೈಯನ್ನು ಹಿಂದೆಗೆಯುವ ಶಕ್ತಿಯೇ ಕುಂದುತ್ತದೆ. ರೂಢಮೂಲವಾದ ಚಟವು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲುದೆಂದು ಧರ್ಮಸಭೆಯ ನೀತಿಬೋಧೆಯೂ ಒಪ್ಪುತ್ತದೆ. ವೈದ್ಯಶಾಸ್ತ್ರವು ಇದನ್ನು ಮಿದುಳಿಗೆ ತಗಲುವ ಕಾಯಿಲೆಯೆಂದು ವಿವರಿಸುತ್ತದೆ. ಹಾಗೆಂದು ಕುಡುಕನು ಮಾಡಿದ್ದೆಲ್ಲವೂ ತಪ್ಪಲ್ಲವೆಂದಾಗಲಿಲ್ಲ. ಪಿಟೀಲು ಕಳೆದುಕೊಂಡ ಕುರುಡನಿಗೆ ಅನ್ಯಾಯವಾದದ್ದು ನಿಜವೇ.

1884ರಲ್ಲಿ ಮ್ಯಾಟ್‌ಗೆ ಇಪ್ಪತ್ತೆಂಟು ವರ್ಷ. ಒಂದು ವಾರ ಕೆಲಸವಿಲ್ಲದೆ ಕೈ ಬರಿದಾಗಿತ್ತು. ಶನಿವಾರ ಮಧ್ಯಾಹ್ನ, ಕೂಲಿ ಬಟವಾಡೆಯ ಹೊತ್ತು. ಪಾನಗೃಹದ ಹತ್ತಿರದ ಮೂಲೆಯಲ್ಲಿ ತಮ್ಮಂದಿರೊಡನೆ ನಿಂತುಕೊಂಡನು. ತನ್ನ ಕೈಯಲ್ಲಿ ಹಣವಿದ್ದಾಗ ಎಷ್ಟೋ ಜನರಿಗೆ ಕುಡಿಸಿದವನು. ಇಂದು ಅವರಲ್ಲಿ ಯಾರಾದರೂ ಒಳಗೆ ಕರೆದಾರೆಂಬ ನಿರೀಕ್ಷೆ. ಜೊತೆಗಾರರು ಒಬ್ಬೊಬ್ಬರಾಗಿ ಹಾದುಹೋದರು, ಕ್ಷೇಮ ಕೇಳಿದರು, ಒಳಗೆ ಹೋದರು. ಒಬ್ಬನೂ ಕರೆಯಲಿಲ್ಲ. ಮ್ಯಾಟ್ ತಮ್ಮಂದಿರನ್ನು ಅಲ್ಲಿಯೇ ಬಿಟ್ಟು ಮನೆಯ ಕಡೆಗೆ ತಿರುಗಿದನು.

ನಡುಮಧ್ಯಾಹ್ನದಲ್ಲಿ, ಅದೂ ಅಮಲಿಲ್ಲದೆ ಬಂದ ಮಗನನ್ನು ಕಂಡು ತಾಯಿಗೆ ಅಚ್ಚರಿಯಾಯಿತು. ಊಟವಾದ ಮೇಲೆ ಮದ್ಯವರ್ಜನದ ಪ್ರತಿಜ್ಞೆ ಮಾಡಲು ಹೊರಟಿದ್ದೇನೆಂದು ಅವನು ತಿಳಿಸಿದನು. ಎಲಿಜಬೆತ್ ಸಂತೋಷದಿಂದ ಕುಣಿಯಲಿಲ್ಲ, ಹಳೆಯದನ್ನು ಎತ್ತಿ ಹಂಗಿಸಲೂ ಇಲ್ಲ. ಪಾಲಿಸುವ ಮನಸ್ಸಿದ್ದರೆ ಮಾತ್ರ ಹೋಗಬೇಕೆಂದು ಹೇಳಿ, ದೇವರ ಹೆಸರಿನಲ್ಲಿ ಹರಸಿ ಕಳುಹಿಸಿದಳು. ಇಂಥ ಗಳಿಗೆಯಲ್ಲಿ ಮನೆಯವರು ಏನು ಮಾಡಬೇಕೆಂದು ನನ್ನನ್ನು ಕೇಳುವವರಿಗೆ ಆಪ್ತಸಮಾಲೋಚಕರ ಪುಸ್ತಕಕ್ಕಿಂತ ಮೊದಲು ನಾನು ಈ ತಾಯಿಯನ್ನೇ ತೋರಿಸುತ್ತೇನೆ.

ಮ್ಯಾಟ್ ಕ್ಲಾನ್‌ಲಿಫ್‌ನ ಹೋಲಿ ಕ್ರಾಸ್ ಗುರುಮಠಕ್ಕೆ ಹೋಗಿ ಒಬ್ಬ ಗುರುಗಳ ಬಳಿ ಪಾಪನಿವೇದನೆ ಮಾಡಿದನು. ಅಲ್ಲಿಯೇ ಪ್ರತಿಜ್ಞೆಯನ್ನೂ ಸ್ವೀಕರಿಸಿದನು. ಐರ್ಲೆಂಡಿನಲ್ಲಿ ಇಂಥ ಪ್ರತಿಜ್ಞೆಗೆ ಆಗಲೇ ಬಲವಾದ ಪರಂಪರೆಯಿತ್ತು. 1838ರಲ್ಲಿ ಕಾರ್ಕ್ ನಗರದಲ್ಲಿ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂ ಅವರು ಆರಂಭಿಸಿದ ಮದ್ಯವರ್ಜನ ಚಳವಳಿಯು ಲಕ್ಷಾಂತರ ಜನರನ್ನು ಸೆಳೆದಿತ್ತು. ಅವರ ಪ್ರತಿಜ್ಞೆ ಆಜೀವಪರ್ಯಂತದ್ದು. ಮ್ಯಾಟ್ ಮಾಡಿದ್ದು ಮೂರು ತಿಂಗಳಿನದು. ಈ ಚಿಕ್ಕ ಅಂಶವನ್ನು ನಾವು ಗಮನಿಸದೆ ದಾಟಿಬಿಡುತ್ತೇವೆ. ನಮ್ಮಲ್ಲಿ ಕುಡಿತ ಬಿಡಿಸಲು ಹೊರಟವರು ಶಿಲುಬೆಯ ಮೇಲೆ ಕೈಯಿಡಿಸಿ, ತಾಯಿಯ ತಲೆಯ ಮೇಲೆ ಕೈಯಿಡಿಸಿ ಜೀವಮಾನದ ಆಣೆ ಮಾಡಿಸುತ್ತಾರೆ. ಹದಿನೈದನೆಯ ದಿನ ಅದು ಮುರಿಯುತ್ತದೆ. ಆಣೆ ಮುರಿದ ನಾಚಿಕೆಯೇ ಮತ್ತೆ ಅಂಗಡಿಯ ದಾರಿ ಹಿಡಿಸುತ್ತದೆ. ಮ್ಯಾಟ್‌ಗೆ ಮೂರು ತಿಂಗಳೇ ಬೆಟ್ಟದಷ್ಟಾಗಿತ್ತು. ಅವಧಿ ಮುಗಿದೊಡನೆ ಮತ್ತೆ ಕುಡಿಯುವೆನೆಂದು ತಾಯಿಗೆ ಹೇಳಿದ್ದೂ ಉಂಟು. ಮೂರು ತಿಂಗಳು ಮುಗಿದಾಗ ಪ್ರತಿಜ್ಞೆಯನ್ನು ನವೀಕರಿಸಿದನು. ಜೀವಮಾನದ ಪ್ರತಿಜ್ಞೆಯು ಆ ಬಳಿಕ ಬಂತು.

ಆ ತಿಂಗಳುಗಳಲ್ಲಿ ಅವನು ಪಟ್ಟ ಪಾಡಿಗೆ ಔಷಧವಿರಲಿಲ್ಲ. ಓಕರಿಕೆ, ಇಲ್ಲದ್ದು ಕಾಣುವ ಭ್ರಮೆ, ಮನಸ್ಸನ್ನು ಕವಿದ ಕತ್ತಲೆ ಎಲ್ಲವನ್ನೂ ಒಬ್ಬನೇ ನುಂಗಿದನು. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಬಹುಕಾಲ ಹೇರಳವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹೀನತೆ ಮೊದಲ ದಿನವೇ ಕಾಣಿಸಿಕೊಳ್ಳಬಹುದು. ಒಂದೆರಡು ದಿನಗಳಲ್ಲಿ ಅಪಸ್ಮಾರದಂಥ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮಣೆಯಾಗಿ ಪ್ರಾಣಕ್ಕೆ ಕುತ್ತು ಬಂದುದೂ ಉಂಟು. ಇದನ್ನು ಕಂಡು ದೆವ್ವದ ಕಾಟವೆಂದು ಬಗೆದು ನನ್ನ ಬಳಿಗೆ ಕರೆತಂದವರಿದ್ದಾರೆ. ಪ್ರಾರ್ಥನೆ ಮಾಡಿ, ಅದೇ ವಾಹನದಲ್ಲಿ ಆಸ್ಪತ್ರೆಗೆ ಕಳುಹಿಸಿದ್ದೇನೆ. ಇಂದು ಈ ದಿನಗಳನ್ನು ಸುರಕ್ಷಿತವಾಗಿ ದಾಟಿಸುವ ಔಷಧಗಳಿವೆ. ಮ್ಯಾಟ್ ಒಬ್ಬನೇ ದಾಟಿದನೆಂದು ನಮ್ಮ ಮಕ್ಕಳನ್ನೂ ಹಾಗೆಯೇ ದಾಟಲು ಬಿಡುವುದು ಭಕ್ತಿಯಲ್ಲ.

ಆ ಪುಡಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಡೈಸಲ್ಫಿರಾಮ್ ಎಂಬ ಔಷಧವೊಂದಿದೆ. ಅದನ್ನು ಸೇವಿಸುತ್ತಿರುವವನು ಮದ್ಯವನ್ನು ಮುಟ್ಟಿದರೆ ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯಬಹುದು. ರೋಗಿಯ ಅರಿವು, ಒಪ್ಪಿಗೆ ಮತ್ತು ವೈದ್ಯರ ನಿಗಾ ಇಲ್ಲದೆ ಕೊಡುವ ಔಷಧವಲ್ಲ ಅದು. ಅಂಗಡಿಯ ಪೊಟ್ಟಣದಲ್ಲಿ ಏನಿದೆಯೆಂಬುದಂತೂ ಎಷ್ಟೋ ಸಲ ಮಾರಿದವನಿಗೂ ತಿಳಿದಿರದು. ಅದನ್ನು ಮಗನ ಸಾರಿಗೆ ಹಾಕಬಾರದೆಂದು ಆ ತಾಯಿಗೆ ಹೇಳಿದೆನು.

ಪ್ರತಿಜ್ಞೆಯ ಮರುದಿನ ಬೆಳಗಿನ ಜಾವದ ಐದು ಗಂಟೆಗೆ ಮ್ಯಾಟ್ ಗಾರ್ಡಿನರ್ ಬೀದಿಯ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯದಲ್ಲಿ ಪೂಜೆಗೆ ಹಾಜರಾಗಿ ಪರಮಪ್ರಸಾದವನ್ನು ಸ್ವೀಕರಿಸಿದನು. ಅಂದಿನಿಂದ ದಿನದಿನದ ಪೂಜೆ ಅವನ ನಿಯಮವಾಯಿತು. ಬೆಳಗಿನ ಹೊತ್ತು ಹೀಗೆ ತುಂಬಿತು, ಹಗಲು ದುಡಿಮೆಯಿತ್ತು. ಕಷ್ಟವಾದದ್ದು ಸಂಜೆ. ಹಳೆಯ ಗೆಳೆಯರು ಪಾನಗೃಹಕ್ಕೆ ಹೊರಡುವ ವೇಳೆಗೆ ಮ್ಯಾಟ್ ಬೇರೆ ದಾರಿ ಹಿಡಿದು, ದೂರದ ದೇವಾಲಯಗಳವರೆಗೆ ನಡೆದು, ಬಾಗಿಲು ಮುಚ್ಚುವವರೆಗೂ ಅಲ್ಲಿ ಮೊಣಕಾಲೂರಿರುತ್ತಿದ್ದನು. ಒಂದು ಸಂಜೆ ಆಸೆಯನ್ನು ತಡೆಯಲಾರದೆ ಪಾನಗೃಹವೊಂದನ್ನು ಹೊಕ್ಕನು. ಜೇಬಿನಲ್ಲಿ ಹಣವಿತ್ತು. ಅಂಗಡಿಯವನು ಬೇರೆ ಗಿರಾಕಿಗಳಲ್ಲಿ ಮುಳುಗಿ ಇವನತ್ತ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತು ಕಾದ ಮ್ಯಾಟ್ ಹೊರಬಿದ್ದು, ನೇರವಾಗಿ ದೇವಾಲಯಕ್ಕೆ ಹೋಗಿ ಕುಳಿತನು. ಆ ದಿನದಿಂದ ಹೊರಗೆ ಹೋಗುವಾಗ ಕೈಯಲ್ಲಿ ಹಣವಿಟ್ಟುಕೊಳ್ಳುವುದನ್ನೇ ನಿಲ್ಲಿಸಿದನು. ವ್ಯಸನಮುಕ್ತಿ ಕೇಂದ್ರಗಳಲ್ಲಿ ಇಂದು ಯಾವ ಹೊತ್ತು, ಯಾವ ದಾರಿ, ಯಾರ ಸಂಗ, ಎಷ್ಟು ಹಣ ಎಂದು ಕುಳ್ಳಿರಿಸಿ ಬರೆಸುತ್ತಾರೆ. ಓದು ಬಾರದ ಈ ಕೂಲಿಯಾಳು ಅದನ್ನು ತಾನೇ ಕಂಡುಕೊಂಡಿದ್ದನು. ದೇವರ ವರಪ್ರಸಾದವು ಅಂದು ಗಿರಾಕಿಯನ್ನು ಗಮನಿಸದ ಅಂಗಡಿಯವನ ಮೂಲಕವೂ ಕೆಲಸ ಮಾಡಿತೆಂದು ನಾನು ನಂಬುತ್ತೇನೆ.

ಇನ್ನೊಂದು ಸಂಗತಿಯನ್ನು ಪ್ರವಚನಗಳಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಹಿರಿಯಣ್ಣನೊಬ್ಬನನ್ನು ಬಿಟ್ಟರೆ ಟಾಲ್ಬೊಟ್ ಮನೆಯ ಗಂಡುಮಕ್ಕಳೆಲ್ಲರೂ ಕುಡುಕರೇ. ಮ್ಯಾಟ್ ಬದಲಾದುದನ್ನು ಕಂಡು ಅವರು ಬದಲಾಗಲಿಲ್ಲ. ಆತನು ಬೇಡಿಕೊಂಡನು, ಪ್ರಯೋಜನವಾಗಲಿಲ್ಲ. ಕೊನೆಗೆ ಮನೆಯನ್ನು ಬಿಟ್ಟು ಬೇರೆ ಕೋಣೆ ಹಿಡಿದನು. ಒಂದೇ ತಾಯಿ, ಒಂದೇ ಕಣ್ಣೀರು, ಒಂದೇ ಜಪಸರ. ಒಬ್ಬನು ಎದ್ದನು, ಉಳಿದವರು ಏಳಲಿಲ್ಲ. ನನ್ನ ಪ್ರಾರ್ಥನೆಯಲ್ಲಿ ಏನು ಕೊರತೆಯಾಯಿತು, ನಾನು ಬೆಳೆಸಿದ್ದರಲ್ಲಿ ಎಲ್ಲಿ ತಪ್ಪಾಯಿತು ಎಂದು ತಮ್ಮನ್ನೇ ಸುಟ್ಟುಕೊಳ್ಳುವ ತಾಯಂದಿರು ಎಲಿಜಬೆತ್ ಟಾಲ್ಬೊಟ್‌ಳ ಮನೆಯನ್ನು ಒಮ್ಮೆ ಮನಸ್ಸಿನಲ್ಲಿ ಹೊಕ್ಕು ಬರಲಿ. ಗಂಡನು ತೀರಿಕೊಂಡ ಮೇಲೆ ಆಕೆ ಮ್ಯಾಟ್‌ನ ಬಳಿಗೆ ಬಂದಳು. 1915ರಲ್ಲಿ ಕಣ್ಣುಮುಚ್ಚುವವರೆಗೂ ಮಗನೇ ನೋಡಿಕೊಂಡನು.

ಕುಡಿತ ಬಿಟ್ಟೊಡನೆ ಆತನು ಹಳೆಯ ಸಾಲಗಳನ್ನು ತೀರಿಸಲು ತೊಡಗಿದನು. ಪಾನಗೃಹಗಳಿಗೆ ಹೋಗಿ ತಾನು ಕೊಡಬೇಕಾಗಿದ್ದ ಹಣವನ್ನು ಕೊಟ್ಟು ಬಂದನು. ಆ ಕುರುಡ ಪಿಟೀಲುಗಾರನನ್ನು ಊರೆಲ್ಲ ಹುಡುಕಿದನು. ಆತ ಸಿಕ್ಕಲೇ ಇಲ್ಲ. ಸಲ್ಲಬೇಕಾದ ಹಣದಿಂದ ಅವನ ಆತ್ಮಕ್ಕಾಗಿ ಪೂಜೆಗಳನ್ನು ಮಾಡಿಸಿದನು.

ಕ್ಲಾನ್‌ಲಿಫ್‌ನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಮೈಕೇಲ್ ಹಿಕ್ಕಿ ಎಂಬ ಗುರುಗಳು ಮ್ಯಾಟ್‌ನ ಆಧ್ಯಾತ್ಮಿಕ ಮಾರ್ಗದರ್ಶಕರಾದರು. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಗೆಳೆತನವು ಬಹು ಪ್ರಿಯವಾದದ್ದು. ತರಗತಿಯಲ್ಲಿ ಇಚ್ಛಾಸ್ವಾತಂತ್ರ್ಯವನ್ನು ಬೋಧಿಸಿದವರಿಗೆ ಅದನ್ನು ಕಳೆದುಕೊಂಡು ಮತ್ತೆ ಗಳಿಸಿದವನ ಒಡನಾಟ ದೊರೆತಿತ್ತು. ಅವರ ನೆರವಿನಿಂದ ಮ್ಯಾಟ್ ಓದುವುದನ್ನು ಬೆಳೆಸಿಕೊಂಡು, ಸಂತ ಅಗಸ್ಟೀನರ ಆತ್ಮನಿವೇದನೆಯಂಥ ಗ್ರಂಥಗಳನ್ನು ನಿಧಾನವಾಗಿ ಓದಿದನು. ಹೊಳೆದುದನ್ನು ಕಾಗದದ ಚೂರುಗಳಲ್ಲಿ ಗುರುತುಹಾಕಿಕೊಂಡನು. 1890ರಲ್ಲಿ ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದನು. ಹಲಗೆಯ ಮೇಲೆ ಮಲಗುತ್ತಿದ್ದನು, ಅಲ್ಪಾಹಾರಿಯಾಗಿದ್ದನು, ಉಡುಪಿನೊಳಗೆ ತಪಸ್ಸಿನ ಗುರುತಾಗಿ ಸರಪಳಿಯನ್ನು ಧರಿಸುತ್ತಿದ್ದನು. ಈ ಕಠಿಣ ತಪಸ್ಸು ಎಲ್ಲರಿಗೂ ಮಾದರಿಯೆಂದು ನಾನು ಹೇಳಲಾರೆ. ಅದು ಮಾರ್ಗದರ್ಶಕರ ಅರಿವಿನೊಳಗೆ, ಆ ಕಾಲದ ಭಕ್ತಿಯ ರೀತಿಯಲ್ಲಿ ನಡೆದದ್ದು. ಮನಸ್ಸು ನೊಂದಿರುವ ಯುವಕನೊಬ್ಬನು ದೇಹವನ್ನು ದಂಡಿಸತೊಡಗಿದರೆ ಅವನನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ನನಗೆ ದೊಡ್ಡದೆನಿಸುವುದು ಸರಪಳಿಯಲ್ಲ. ನಲವತ್ತು ವರ್ಷಗಳ ಕಾಲ ಮನಸ್ಸು ಬಿಚ್ಚಿ ಮಾತಾಡಲು ಅವನಿಗೆ ಹಿರಿಯರೊಬ್ಬರು ಇದ್ದೇ ಇದ್ದರೆಂಬುದು.

ಹೊರಗಿನವರಿಗೆ ಆತನು ಟಿ. ಅಂಡ್ ಸಿ. ಮಾರ್ಟಿನ್ ಎಂಬ ಮರದ ಅಡತಿಯ ಸಾಮಾನ್ಯ ಕೂಲಿಯಾಳು. ಪುಟ್ಟ ದೇಹ, ಚುರುಕಾದ ನಡೆ, ನಗುಮುಖ. ಕಾರ್ಮಿಕ ಸಂಘದ ಸದಸ್ಯನಾಗಿದ್ದನು. 1913ರಲ್ಲಿ ಡಬ್ಲಿನ್ನಿನ ಕಾರ್ಮಿಕರನ್ನು ಮಾಲೀಕರು ತಿಂಗಳುಗಟ್ಟಲೆ ಕೆಲಸದಿಂದ ಹೊರಗಿಟ್ಟಾಗ ತನ್ನವರೊಡನೆಯೇ ನಿಂತನು. ಕೂಲಿಯಲ್ಲಿ ತನ್ನ ಬದುಕಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದನ್ನು ನೆರೆಯ ಬಡವರಿಗೂ ಚೀನಾದೇಶದ ಮಿಷನ್ ಕಾರ್ಯಕ್ಕೂ ಕೊಟ್ಟುಬಿಡುತ್ತಿದ್ದನು. ಅವನ ಸಂಜೆಗಳು ಹೇಗೆ ಕಳೆಯುತ್ತವೆಂಬುದು ಜೊತೆಗಾರರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

1923ರಿಂದ ಹೃದಯ ಹಾಗೂ ಮೂತ್ರಪಿಂಡದ ಕಾಯಿಲೆ ಅವನನ್ನು ಆಸ್ಪತ್ರೆಗೆ ಅಲೆಸಿತು. ಸ್ವಲ್ಪ ಚೇತರಿಸಿಕೊಂಡು ಕೆಲಸಕ್ಕೆ ಮರಳಿದನು. 1925ರ ಜೂನ್ 7, ಪರಮ ತ್ರಿತ್ವದ ಹಬ್ಬದ ಭಾನುವಾರ, ಪೂಜೆಗೆಂದು ಡೊಮಿನಿಕನ್ ದೇವಾಲಯಕ್ಕೆ ಹೋಗುತ್ತಿದ್ದಾಗ ಗ್ರ್ಯಾನ್ಬಿ ಓಣಿಯಲ್ಲಿ ಕುಸಿದುಬಿದ್ದು ಪ್ರಾಣಬಿಟ್ಟನು. ಆತ ಯಾರೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಉಡುಪನ್ನು ತೆಗೆದಾಗ ಸರಪಳಿ ಕಂಡಿತು. ಜೂನ್ 11ರಂದು ಗ್ಲಾಸ್ನೆವಿನ್ ಸ್ಮಶಾನದಲ್ಲಿ ಬಡವನೊಬ್ಬನ ಸಾಧಾರಣ ಶವಸಂಸ್ಕಾರ ನಡೆಯಿತು. ಮರುವರ್ಷವೇ ಸರ್ ಜೋಸೆಫ್ ಗ್ಲಿನ್ ಬರೆದ ಕಿರು ಜೀವನಚರಿತ್ರೆ ಹೊರಬಂದು, ಕೂಲಿಯಾಳಿನ ಹೆಸರು ದೇಶದೇಶಗಳಿಗೆ ಹರಡಿತು. 1972ರಲ್ಲಿ ಅವನ ಪಾರ್ಥಿವಾವಶೇಷಗಳನ್ನು ಡಬ್ಲಿನ್ನಿನ ಲೂರ್ದು ಮಾತೆಯ ದೇವಾಲಯಕ್ಕೆ ತಂದಿರಿಸಿದರು. 1975ರ ಅಕ್ಟೋಬರ್ 3ರಂದು ಜಗದ್ಗುರು ಆರನೆಯ ಪೌಲರು ಆತನನ್ನು ಪೂಜ್ಯನೆಂದು ಸಾರಿದರು. ಸಂತಪದವಿಯ ದಾರಿಯಲ್ಲಿ ಇದು ಒಂದು ಮೆಟ್ಟಿಲು. ಆದ್ದರಿಂದ ಆ ತಾಯಿಯ ಪ್ರಶ್ನೆಗೆ ಶಾಸ್ತ್ರೋಕ್ತವಾದ ಉತ್ತರ ಇನ್ನೂ ಇಲ್ಲ ಎಂಬುದೇ. ನನ್ನ ಮನಸ್ಸಿನ ಉತ್ತರ ಬೇರೆ.

ಮ್ಯಾಟ್‌ಗೆ ಇಲ್ಲದಿದ್ದ ನೆರವುಗಳು ನಮಗಿವೆ. ಆತನು ತೀರಿದ ಹತ್ತು ವರ್ಷಗಳಿಗೆ, 1935ರಲ್ಲಿ, ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವು ಇಂದು ಕರ್ನಾಟಕದಲ್ಲಿಯೂ ಸೇರುತ್ತದೆ. ಕುಡುಕರ ಮನೆಯವರಿಗಾಗಿ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ನಮ್ಮ ಮೊಳಕಾಲ್ಮೂರಿನ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿಯೇ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟು, ಹಳ್ಳಿಯ ಬಳಿಯಲ್ಲಿಯೇ ಮದ್ದು ದೊರೆಯುವಂತೆ ಮಾಡಿ ತೋರಿಸಿದರು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲಿರುಳೂ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕುಡಿಯುವವನು ಒಪ್ಪದಿದ್ದರೂ ಮನೆಯವರು ಕರೆಮಾಡಿ ಸಲಹೆ ಕೇಳಬಹುದು. ಮನೆಯ ಮಾನ ಬೀದಿಗೆ ಬಂದೀತೆಂಬ ಅಂಜಿಕೆಯಿಂದ ಎಷ್ಟೋ ಕುಟುಂಬಗಳು ಸುಮ್ಮನಿರುತ್ತವೆ. ಕುಡಿದು ಬಿದ್ದ ಮಗನನ್ನು ಬೀದಿ ಆಗಲೇ ನೋಡಿರುತ್ತದೆ.

ಆ ತಾಯಿಯ ಮಗನು ಕಳೆದ ವಾರ ತಾನಾಗಿಯೇ ಬಂದು ನನ್ನೊಡನೆ ಅರ್ಧ ಗಂಟೆ ಕುಳಿತಿದ್ದನು. ಹೆಚ್ಚೇನೂ ಮಾತಾಡಲಿಲ್ಲ. ಸೋಮವಾರ ತಾಯಿಯೊಡನೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಹೋಗಿಬಂದನು. ವೈದ್ಯರು ಮತ್ತೆ ಬರಹೇಳಿದ್ದಾರೆ. ಜೀವಮಾನದ ಆಣೆಯನ್ನು ನಾನು ಕೇಳಲಿಲ್ಲ. ಅವನು ಸದ್ಯಕ್ಕೆ ಒಪ್ಪಿಕೊಂಡಿರುವುದು ಹದಿನೈದು ದಿನಗಳಿಗೆ.